ತೋಟದ ಶೆಡ್‌ನಲ್ಲಿರೋ ಈ ಹಳೇ ಕಾರು ಯಾವುದು, ಸ್ಟಾರ್ಟ್ ಮಾಡೋದು ಹೇಗೆ?

ಸುಂಟಿಕೊಪ್ಪದವಳು
ಎಲ್ರಿಗೂ ನಮಸ್ಕಾರ. ಸುಂಟಿಕೊಪ್ಪ ಹತ್ರ ನಮ್ಮ ತೋಟದಲ್ಲಿ ಹಳೇ ಕಾಫಿ ಸ್ಟೋರ್ ಹಿಂದೆ ಒಂದು ಕಾರಿದೆ, ತೋಟದ ದೊರೆ ಇಂಗ್ಲೆಂಡಿಗೆ ವಾಪಸ್ ಹೋಗೋವಾಗ ತಾತ ತಗೊಂಡಿದ್ದಂತೆ, ಮೂವತ್ತು ವರ್ಷದಿಂದ ಓಡಿಲ್ಲ. ಹೆಸರಿನ ಬ್ಯಾಡ್ಜ್ ಬಿದ್ದುಹೋಗಿದೆ. ರೇಡಿಯೇಟರ್ ತಲೆ ಮೇಲೆ ಸೀರೆ ನೆರಿಗೆ ತರ ಗೀರು, ಹೆಡ್‌ಲೈಟ್ ಎರಡೂ ಬೇರೆಯಾಗಿ ನಿಂತಿವೆ, ಗೇರ್ ಲಿವರ್ ಸ್ಟೀರಿಂಗ್ ಕೆಳಗೆ ಪುಟ್ಟದಾಗಿದೆ. ಇಲ್ಲಿನ ಮೆಕ್ಯಾನಿಕ್ ಒಬ್ರು ನೋಡಿ ಎಡಗಡೆ ಪೆಡಲ್ ಕಲ್ಲಿನ ತರ ಗಟ್ಟಿಯಾಗಿದೆ, ಕ್ಲಚ್ ಹೋಗಿದೆ, ಗೇರ್‌ಬಾಕ್ಸ್ ಇಳಿಸ್ಬೇಕು ಅಂದ್ರು. ಅಪ್ಪಂಗೆ ಈಗ 84, ಅವರು ಡ್ರೈವಿಂಗ್ ಕಲಿತಿದ್ದೇ ಇದ್ರಲ್ಲಿ, ಒಂದ್ಸಲ ಇಂಜಿನ್ ಸದ್ದು ಕೇಳ್ಬೇಕು ಅಂತಾರೆ. ಗೊತ್ತಿರೋರು ದಯವಿಟ್ಟು ಹೇಳಿ.

ಹಳೇಗಾಡಿ ಮೈಸೂರು
ಅಕ್ಕ, ಗೇರ್‌ಬಾಕ್ಸ್ ಇಳಿಸೋಕೆ ಬಿಡ್ಲೇಬೇಡಿ! ಆ ನೆರಿಗೆ ಡೈಮ್ಲರ್ ಕಾರಿನ ಗುರುತು. ಬೆಂಝ್ ಜೊತೆ ಸೇರಿದ ಜರ್ಮನ್ ಡೈಮ್ಲರ್ ಅಲ್ಲ, ಇಂಗ್ಲೆಂಡಿನ ಕವೆಂಟ್ರಿಯದ್ದು, ಅಲ್ಲಿನ ರಾಜಮನೆತನ ಎಷ್ಟೋ ವರ್ಷ ಇಟ್ಕೊಂಡಿದ್ದು ಇದೇ ಕಂಪನಿ ಕಾರು. ಇಂಜಿನ್ ಮೇಲಿನ ಸ್ಪಾರ್ಕ್ ಪ್ಲಗ್ ಎಣಿಸಿ, ಒಂದು ಸಿಲಿಂಡರ್‌ಗೆ ಒಂದಿರುತ್ತೆ. ಆರು ಇದ್ರೆ ಬಹುಶಃ ಡೈಮ್ಲರ್ ಡಿಬಿ18 ಮಾಡೆಲ್, 2522 ಸಿಸಿ, 1939ರಲ್ಲಿ ಶುರುವಾಗಿ ಯುದ್ಧ ಮುಗಿದ ಮೇಲೆ 1950ರವರೆಗೆ ಬಂತು. ಆಮೇಲೆ ಬಂದ ಕಾನ್ಸಾರ್ಟ್ ಮಾಡೆಲ್‌ನಲ್ಲಿ ಹೆಡ್‌ಲೈಟ್ ಮಡ್‌ಗಾರ್ಡ್ ಒಳಗೇ ಸೇರಿತ್ತು, ಅದಕ್ಕೇ ನಿಮ್ದು ಅದಲ್ಲ ಅಂತಿದೀನಿ. ಬಾನೆಟ್ ಒಳಗಿನ ತಗಡಿನ ಪ್ಲೇಟಲ್ಲಿ ಛಾಸಿ ನಂಬರ್ ಇದ್ರೆ ಫೋಟೋ ಹಾಕಿ, ಪಕ್ಕಾ ಆಗುತ್ತೆ.

ಈಗ ಮುಖ್ಯ ವಿಷಯ, ಆ ಪೆಡಲ್ ಕ್ಲಚ್ಚೇ ಅಲ್ಲ. ಇದ್ರಲ್ಲಿ ಕ್ಲಚ್ ಬದಲು ಫ್ಲೂಯಿಡ್ ಫ್ಲೈವೀಲ್, ಅಂದ್ರೆ ಎಣ್ಣೆ ತುಂಬಿದ ಡಬ್ಬಿಯೊಳಗೆ ಎದುರುಬದುರು ಎರಡು ಫ್ಯಾನ್ ಇದ್ದಂಗೆ, ಇಂಜಿನ್ ಕಡೆದು ತಿರುಗಿದ್ರೆ ಎಣ್ಣೆ ಆ ಕಡೆದನ್ನೂ ತಿರುಗಿಸುತ್ತೆ. ಗೇರ್‌ಬಾಕ್ಸ್ ಪ್ರೀಸೆಲೆಕ್ಟರ್, ಲಿವರ್‌ನಲ್ಲಿ ಮುಂದಿನ ಗೇರ್ ಮೊದಲೇ ಆರಿಸಿಟ್ಕೊಂಡು ಯಾವಾಗ ಬೇಕೋ ಆವಾಗ ಪೆಡಲ್ ಒತ್ತಿ ಬಿಟ್ರೆ ಮಾತ್ರ ಗೇರ್ ಬದಲಾಗುತ್ತೆ. ಹಾಗಾಗಿ ಲಿವರ್ ನ್ಯೂಟ್ರಲ್ ತೋರಿಸ್ತಿದ್ರೂ ಒಳಗೆ ಗಾಡಿ ಗೇರಲ್ಲೇ ಇರ್ಬಹುದು. ಲಿವರ್ ನ್ಯೂಟ್ರಲ್‌ಗೆ ತಂದು ಪೆಡಲ್ ಪೂರ್ತಿ ಕೆಳಗೆ ತುಳಿದು ನಿಧಾನ ಬಿಡಿ. ಅರ್ಧಕ್ಕೆ ಬಿಟ್ರೆ ಅದು ಮೇಲೆ ಹಾರಿ ಮೊಣಕಾಲಿಗೆ ಬಡಿಯುತ್ತೆ, ಹುಷಾರು.

ಗೋಣಿಕೊಪ್ಪ ವರ್ಕ್‌ಶಾಪ್
ಮೇಲಿನವರು ಹೇಳಿದ್ದು ಸರಿ. ಸೆಲ್ಫ್ ಮುಟ್ಟಬೇಡಿ ಮೇಡಂ, ಮೊದ್ಲು ಗಾಡಿ ಉರುಳದಂಗೆ ಚಕ್ರಕ್ಕೆ ಮರದ ತುಂಡು ಅಡ್ಡ ಕೊಡಿ. ಪ್ಲಗ್ ಎಲ್ಲಾ ಬಿಚ್ಚಿ ಒಂದೊಂದು ಸಿಲಿಂಡರ್‌ಗೂ ಸ್ವಲ್ಪ ತೆಳು ಎಣ್ಣೆ ಬಿಟ್ಟು ಮೂರ್ನಾಲ್ಕು ದಿನ ಹಾಗೇ ಇರ್ಲಿ, ನಮ್ಮ ಕಡೆ ಮಳೆಗಾಲದ ತೇವಕ್ಕೆ ಪಿಸ್ಟನ್ ಸುತ್ತ ಇರೋ ರಿಂಗು ಸಿಲಿಂಡರ್‌ಗೆ ಹಿಡ್ಕೊಂಡಿರುತ್ತೆ, ಬಲ ಹಾಕಿದ್ರೆ ಮುರಿಯುತ್ತೆ. ಆಮೇಲೆ ಮುಂದೆ ಹ್ಯಾಂಡಲ್ ಹಾಕಿ ಕೈಯಲ್ಲಿ ತಿರುಗಿಸಿ, ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರ್ಲಿ, ಸುತ್ತಿ ಹಿಡಿದ್ರೆ ಹ್ಯಾಂಡಲ್ ವಾಪಸ್ ಒದ್ದಾಗ ಬೆರಳು ಮುರಿಯುತ್ತೆ. ತಿರುಗಿಸೋವಾಗ ವಾಲ್ವ್ ಕವರ್ ತೆಗೆದು ಎಲ್ಲಾ ವಾಲ್ವ್ ಮೇಲೆ ಕೆಳಗೆ ಹೋಗ್ತಿದ್ಯಾ ನೋಡಿ, ಒಂದು ಸಿಕ್ಕೊಂಡಿದ್ರೂ ಅದನ್ನ ತಳ್ಳೋ ಕಡ್ಡಿ (ಪುಶ್‌ರಾಡ್) ಬಾಗುತ್ತೆ. ಇಂಜಿನ್ ಆಯಿಲ್ ಹೊಸದು ಹಾಕಿ, ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ (ಪ್ಲಗ್‌ಗೆ ಕಿಡಿ ಬರೋಕೆ ತೆರೆದು ಮುಚ್ಚೋ ಸಂಪರ್ಕ) ಉಜ್ಜಿ, ಸೈಲೆನ್ಸರ್ ಒಳಗೆ ಇಲಿ ಗೂಡು ಇರುತ್ತೆ, ತೆಗೀರಿ. ಟ್ಯಾಂಕಲ್ಲಿರೋ ಪೆಟ್ರೋಲ್ ಅಂಟಾಗಿರುತ್ತೆ, ಅದು ಬೇಡ, ಬೇರೆ ಕ್ಯಾನಿಂದ ಕಾರ್ಬುರೇಟರ್‌ಗೆ ಕೊಡಿ. ಬ್ಯಾಟರಿ ಹಾಕೋ ಮುಂಚೆ ವೈರ್ ನೋಡಿ, ಆ ಕಾಲದ ಸುಮಾರು ಬ್ರಿಟಿಷ್ ಗಾಡಿಲಿ ಬ್ಯಾಟರಿಯ ಮೈನಸ್ ಅಲ್ಲ, ಪ್ಲಸ್ ತುದಿಯೇ ಗಾಡಿಯ ಲೋಹದ ಮೈಗೆ (ಅರ್ತ್) ಸೇರಿರುತ್ತೆ. ಪಕ್ಕದಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಇಟ್ಕೊಳ್ಳಿ.

ಹಾರಂಗಿ ರೈಡರ್
ಆರ್‌ಸಿ ಪುಸ್ತಕ ಹುಡುಕಿ ಅಕ್ಕ, ಕೊಡಗು ಬೇರೆ ರಾಜ್ಯವಾಗಿದ್ದ ಕಾಲದ್ದಾದ್ರೆ (1956ಕ್ಕೆ ಮುಂಚೆ) ಲ್ಯಾಮಿನೇಷನ್ ಮಾಡಿಸ್ದೆ ಜೋಪಾನ ಮಾಡಿ. 2021ರ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ರೂಪ ಕೆಡಿಸದ ಗಾಡಿಗಳನ್ನ ವಿಂಟೇಜ್ ಅಂತ ನೋಂದಾಯಿಸ್ಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ದಿನಾ ಓಡಿಸೋಕಾಗಲ್ಲ, ರ‍್ಯಾಲಿ ಪ್ರದರ್ಶನಕ್ಕೆ ಪರವಾಗಿಲ್ಲ. ಎಥನಾಲ್ ಪೆಟ್ರೋಲ್‌ಗೆ ಹಳೇ ರಬ್ಬರ್ ಪೈಪ್ ಹಾಳಾಗುತ್ತೆ, ಅದನ್ನೂ ಬದಲಾಯಿಸಿ.

ಸುಂಟಿಕೊಪ್ಪದವಳು
ಹನ್ನೆರಡು ದಿನ ಆದ್ಮೇಲೆ ಬರೀತಿದೀನಿ. ಪ್ಲಗ್ ಆರೇ! ಒಂದು ವಾಲ್ವ್ ಸಿಕ್ಕೊಂಡಿತ್ತು, ಎಣ್ಣೆ ಬಿಟ್ಟು ಬಿಟ್ಟು ಬಿಡಿಸಿದ್ವಿ, ಸೈಲೆನ್ಸರ್‌ನಿಂದ ಒಂದು ಬುಟ್ಟಿ ಒಣ ಹುಲ್ಲು ಬಂತು. ಪೆಡಲ್ ವಿಷಯ ನಾನು ಓದಿ ಹೇಳೋಕೆ ಮೊದಲೇ ಅಪ್ಪ ಕುರ್ಚಿಯಿಂದ್ಲೇ ‘ನ್ಯೂಟ್ರಲ್ ಹಾಕಿ ತುಳಿಮ್ಮಾ, ತುಳಿದ್ರೇನೆ ಬೀಳೋದು’ ಅಂದ್ರು, ನಾವು ಯಾರೂ ಅವರನ್ನ ಕೇಳಿರ್ಲೇ ಇಲ್ಲ. ನಿನ್ನೆ ಸಂಜೆ ಕ್ಯಾನ್ ಪೆಟ್ರೋಲ್‌ನಲ್ಲಿ ಎರಡು ನಿಮಿಷ ಓಡ್ತು, ಆಯಿಲ್ ಪ್ರೆಷರ್ ಮುಳ್ಳು ಎದ್ದಿತು. ರೇಡಿಯೇಟರ್ ಕೆಳಗಡೆ ನೀರು ಸೋರಿದ್ದಕ್ಕೆ ನಿಲ್ಲಿಸಿದ್ವಿ. ಹಳೇ ಹಿತ್ತಾಳೆ ರೇಡಿಯೇಟರ್‌ಗೆ ಚೆನ್ನಾಗಿ ಬೆಸುಗೆ ಹಾಕೋರು ಮಡಿಕೇರಿ, ಕುಶಾಲನಗರ ಕಡೆ ಯಾರಾದ್ರೂ ಇದಾರಾ?