ಹೆಸರು ತೆಗೆದರೆ ಸಾಕಾ? ಅತ್ಯಾಚಾರ ಪ್ರಕರಣದ ಸುದ್ದಿ ಬರೆಯುವವರ ಅನುಭವ ಬೇಕಿತ್ತು

ಪ್ರಶ್ನೆ: ಹೊಸ ವರದಿಗಾರ್ತಿ, ಯಾದಗಿರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಈಗಷ್ಟೇ ಒಂದು ಪತ್ರಿಕೆಗೆ ತಾಲ್ಲೂಕು ವರದಿಗಾರ್ತಿಯಾಗಿ ಸೇರಿದ್ದೇನೆ. ಬಾಲಕಿ ಮೇಲಿನ ಅತ್ಯಾಚಾರದ ಪ್ರಕರಣ ಠಾಣೆಗೆ ಬಂದಿದೆ. "ಊರು, ತಂದೆ ಕೆಲಸ, ಮನೆ ಫೋಟೊ ಎಲ್ಲಾ ಕಳಿಸಿ, ಹುಡುಗಿ ಹೆಸರು ನಾವು ತೆಗೀತೀವಿ" ಅಂತ ಕಚೇರಿಯಲ್ಲಿ ಸುದ್ದಿ ತಿದ್ದುವ ಡೆಸ್ಕಿನವರು ಹೇಳುತ್ತಿದ್ದಾರೆ. ಅಷ್ಟು ಮಾಡಿದರೆ ಸಾಕಾ? ಮನೆಗೆ ಹೋಗಿ ಮಾತಾಡಿಸಬೇಕಾ? ಇಂಥ ಸುದ್ದಿ ಮಾಡಿದವರೂ, ಸುದ್ದಿಯಿಂದ ನೊಂದವರೂ ದಯವಿಟ್ಟು ಹೇಳಿ.

ಕ್ರೈಂ ವರದಿಗಾರ್ತಿ, ಕಲಬುರಗಿ

ತಂಗಿ, ಸಾಕಾಗಲ್ಲ. ನಮ್ಮ ಕಡೆ ಊರುಗಳು ಎಷ್ಟು ಚಿಕ್ಕವು ಅಂತ ನಿಮಗೇ ಗೊತ್ತಲ್ವಾ. ಬೆಂಗಳೂರಲ್ಲಿ "ಗಾರ್ಮೆಂಟ್ಸ್ ಕೆಲಸದ 19 ವರ್ಷದ ಯುವತಿ" ಅಂದರೆ ಸಾವಿರಾರು ಜನ ಇರುತ್ತಾರೆ. ಚಿಂಚೋಳಿ ಕಡೆಯ ಒಂದು ತಾಂಡಾದಲ್ಲಿ "ಪಿಯುಸಿ ಓದುವ, ಅಪ್ಪ ಅಮ್ಮ ಮುಂಬೈಗೆ ದುಡಿಯಲು ಹೋಗಿರುವ, ಅಜ್ಜಿ ಜೊತೆ ಇರುವ ಹುಡುಗಿ" ಅಂದರೆ ಒಬ್ಬಳೇ.

ಎಲ್ಲಾ ಒಂದೇ ಪತ್ರಿಕೆಯಲ್ಲಿ ಬರಬೇಕು ಅಂತಲೂ ಇಲ್ಲ. ಒಬ್ಬರು ಊರು ಹಾಕುತ್ತಾರೆ, ಇನ್ನೊಬ್ಬರು ಕಾಲೇಜು. ಯೂಟ್ಯೂಬ್ ಚಾನೆಲ್‌ನವರು ಮನೆ ಬಾಗಿಲು ತೋರಿಸುತ್ತಾರೆ. ಯಾರೂ ಹೆಸರು ಹೇಳಿರುವುದಿಲ್ಲ. ಆದರೂ ಸಂಜೆಯೊಳಗೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತವರಿಗೆಲ್ಲ ಆಕೆ ಯಾರು ಅಂತ ಗೊತ್ತು.

ಕಳಿಸುವ ಮುಂಚೆ ನಾನು ಸುದ್ದಿಯನ್ನು ಆ ಊರಿನ ಕಿರಾಣಿ ಅಂಗಡಿಯವರ ಕಣ್ಣಿಂದ ಓದುತ್ತೇನೆ. ಅವರಿಗೆ ಗುರುತು ಸಿಗುವ ಹಾಗಿದ್ದರೆ ಆ ಮಾತು ಹೊಡೆದು ಹಾಕುತ್ತೇನೆ. ಕೊನೆಗೆ ಉಳಿಯುವುದು ಇಷ್ಟೇ: "ಯಾದಗಿರಿ ಜಿಲ್ಲೆಯಲ್ಲಿ ಬಾಲಕಿ ಮೇಲೆ ಅತ್ಯಾಚಾರ ಎಸಗಿದ ಆರೋಪದಡಿ ಒಬ್ಬನನ್ನು ಪೊಲೀಸರು ಪೋಕ್ಸೊ ಕಾಯ್ದೆಯಡಿ ಬಂಧಿಸಿದ್ದಾರೆ." ಸುದ್ದಿ ಸಪ್ಪೆ ಆಯಿತು ಅಂತಾರೆ. ಆಗಲಿ ಬಿಡಿ.

ಆರೋಪಿ ಹೆಸರಿನ ವಿಷಯದಲ್ಲಿ ಇನ್ನೂ ಹುಷಾರಾಗಿರಿ. 2021ರಲ್ಲಿ ದೇಶದಲ್ಲಿ ದಾಖಲಾದ 31,677 ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಕಡೆ ಆರೋಪಿ ಪರಿಚಿತನೇ. ಆತ ಸೋದರಮಾವ ಆಗಿದ್ದು, ನೀವು ಅವನ ಹೆಸರೂ ಸಂಬಂಧವೂ ಎರಡೂ ಬರೆದರೆ, ಹುಡುಗಿಯ ಹೆಸರು ಬರೆದ ಹಾಗೇ ಆಯಿತು. ಮನೆಯವನೇ ಆಗಿದ್ದರೆ ನಾನು ಅವನ ಹೆಸರು ಬರೆಯುವುದೇ ಇಲ್ಲ.

ವಕೀಲ, ಕಲಬುರಗಿ

ಕಾನೂನೂ ಇದನ್ನೇ ಹೇಳುತ್ತದೆ. ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಮಗುವಿನ ಹೆಸರು ಮಾತ್ರ ಅಲ್ಲ, ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ನೆರೆಹೊರೆ ಯಾವುದನ್ನೂ ಹಾಕುವಂತಿಲ್ಲ. ತಂದೆ ತಾಯಿ ಒಪ್ಪಿದರೂ ಆಗದು. ಮಗುವಿನ ಒಳ್ಳೆಯದಕ್ಕೆ ಬೇಕು ಅನಿಸಿದರೆ ವಿಶೇಷ ನ್ಯಾಯಾಲಯವೇ ಅನುಮತಿ ಕೊಡಬೇಕು. ವಯಸ್ಕ ಹೆಣ್ಣುಮಕ್ಕಳ ಪ್ರಕರಣಕ್ಕೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಇದೆ. ಗುರುತು ಬಯಲು ಮಾಡಿದರೆ 2 ವರ್ಷದವರೆಗೆ ಜೈಲು.

2018ರ ಡಿಸೆಂಬರ್‌ನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಗಿ ಮಾಡಿತು. ದೂರದಿಂದಲೂ ಗುರುತು ಹತ್ತುವಂಥ ಯಾವ ಸಂಗತಿಯನ್ನೂ ಪತ್ರಿಕೆ, ಟಿವಿ, ಸೋಷಿಯಲ್ ಮೀಡಿಯಾ ಎಲ್ಲೂ ಹಾಕಬಾರದು. ಸಂತ್ರಸ್ತೆ ತೀರಿಹೋಗಿದ್ದರೂ ಅಷ್ಟೇ. ಎಫ್‌ಐಆರ್ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ, ಅದರಲ್ಲೇ ಹೆಸರಿತ್ತು ಅನ್ನುವುದು ಕೋರ್ಟಿನಲ್ಲಿ ಸಮರ್ಥನೆ ಆಗಲ್ಲ.

ಬೀದರ್ ಜಿಲ್ಲೆಯಿಂದ, ಒಬ್ಬ ದೊಡ್ಡಮ್ಮ

ತಾಲ್ಲೂಕು ಹೇಳುವುದಿಲ್ಲ. ನನ್ನ ತಂಗಿ ಮಗಳ ವಿಷಯ. ಕ್ಯಾಮೆರಾ ಹಿಡಿದುಕೊಂಡು ಬಂದವನು ಅಂಗಳದಲ್ಲೇ ನಿಂತು, "ಅಷ್ಟೊತ್ತಲ್ಲಿ ಹೊಲಕ್ಕೆ ಯಾಕೆ ಹೋಗಿದ್ದಳು?" ಅಂತ ನನ್ನ ತಂಗಿಯನ್ನು ಕೇಳಿದ. ಅಕ್ಕಪಕ್ಕದವರೆಲ್ಲ ನಿಂತು ನೋಡುತ್ತಿದ್ದರು. ಮನೆಯಲ್ಲಿ ಶೌಚಾಲಯ ಇಲ್ಲ, ಹೋಗಲೇಬೇಕಿತ್ತು. ಕೆಟ್ಟದ್ದು ಮಾಡಿದವನು ಅಲ್ಲಿಗೆ ಯಾಕೆ ಬಂದ ಅಂತ ಯಾರೂ ಕೇಳಲಿಲ್ಲ ನೋಡಿ. ಆ ವಿಡಿಯೊ ನೋಡಿದ ಮೇಲೆ ಹುಡುಗಿ ಶಾಲೆಗೆ ಹೋಗಲ್ಲ ಅಂದಳು.

ಇನ್ನೊಂದು ಪತ್ರಿಕೆಯ ಹೆಣ್ಣುಮಗಳು ಬಂದಿದ್ದಳು. ಸ್ಕೂಟಿ ಊರ ಹೊರಗೇ ನಿಲ್ಲಿಸಿ ನಡೆದು ಬಂದಳು. ಹುಡುಗಿಯನ್ನು ಕರೆಯಿರಿ ಅನ್ನಲಿಲ್ಲ. ನಮ್ಮ ಜೊತೆ ಒಳಗೆ ಕೂತು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿದರೆ ಪರಿಹಾರ ಸಿಗುತ್ತದೆ ಅಂತ ಹೇಳಿದಳು. ನಮಗೆ ಅದು ಗೊತ್ತೇ ಇರಲಿಲ್ಲ. ಪೊಲೀಸರು ಹೇಳಿರಲಿಲ್ಲ. ಕಳಿಸುವ ಮುಂಚೆ ಏನು ಬರೆದಿದ್ದೇನೆ ಅಂತ ಓದಿ ಹೇಳಿದಳು. ಅವಳ ಸುದ್ದಿಯಲ್ಲಿ ನಮ್ಮ ಊರಿನ ಹೆಸರಿರಲಿಲ್ಲ. ನೀವು ಹಾಗೆ ಹೋಗಿ, ತಾಯಿ. ಹಾಗೆ ಹೋಗಲು ಆಗದಿದ್ದರೆ ಹೋಗಲೇಬೇಡಿ.

ಆಪ್ತ ಸಮಾಲೋಚಕಿ, ಕಲಬುರಗಿ

ದೊಡ್ಡಮ್ಮ ಹೇಳಿದ್ದು ಸರಿ. ಮಗುವನ್ನು ಮಾತ್ರ ಮಾತಾಡಿಸಲೇಬೇಡಿ. ಪೊಲೀಸರೇ ಯೂನಿಫಾರ್ಮ್ ಹಾಕದೆ ಮಗುವಿನ ಹೇಳಿಕೆ ಪಡೆಯಬೇಕು ಅಂತ ಪೋಕ್ಸೊ ಹೇಳುತ್ತದೆ. ಹಾಗಿರುವಾಗ ಮೈಕ್ ಹಿಡಿದು ಕೇಳುವುದು ಯಾವ ನ್ಯಾಯ? ಮತ್ತೊಂದು ಅಪಾಯ ಇದೆ. ಹೆದರಿದ ಮಗು ಒಂದೊಂದು ಸಲ ಒಂದೊಂದು ಥರ ಹೇಳುತ್ತದೆ. ನಿಮ್ಮ ವಿಡಿಯೊ ತೋರಿಸಿ "ಮಾತು ಬದಲಾಯಿಸಿದ್ದಾಳೆ" ಅಂತ ಆರೋಪಿ ಕಡೆಯವರು ವಾದ ಮಾಡಬಹುದು. ಸುದ್ದಿಯ ಕೆಳಗೆ ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ತುರ್ತು ಸಹಾಯದ 112 ನಂಬರ್ ಹಾಕಿ. ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯಾದರೂ ತಕ್ಷಣ ಪುಕ್ಕಟೆ ಚಿಕಿತ್ಸೆ ಕೊಡಲೇಬೇಕು ಅನ್ನುವುದನ್ನೂ ಬರೆಯಿರಿ. ಎಷ್ಟೋ ಮನೆಯವರಿಗೆ ಇದು ಗೊತ್ತಿರಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ದೊಡ್ಡಮ್ಮ, ನೀವು ಬರೆದದ್ದನ್ನು ಓದಿ ಬಹಳ ಹೊತ್ತು ಸುಮ್ನೆ ಕೂತೆ. ಮನೆ ಫೋಟೊ ಕಳಿಸಲ್ಲ. ಆದರೆ ಡೆಸ್ಕಿಗೆ ಏನಂತ ಹೇಳಲಿ? ಬರೆಯಲು ಉಳಿಯುವುದಾದರೂ ಏನು?

ಕ್ರೈಂ ವರದಿಗಾರ್ತಿ, ಕಲಬುರಗಿ

ಡೆಸ್ಕಿಗೆ 23ನೇ ಸೆಕ್ಷನ್ ಬಗ್ಗೆ ಮೇಲ್ ಮಾಡಿ. ತಪ್ಪಾದರೆ ವರದಿಗಾರರ ಜೊತೆ ಪ್ರಕಾಶಕರು, ಮಾಲೀಕರೂ ಹೊಣೆ ಅಂತ ಅದರಲ್ಲೇ ಇದೆ. ಬಾಯಿಮಾತಲ್ಲಿ ಬೇಡ, ಬರಹದಲ್ಲೇ ಇರಲಿ.

ಬರೆಯಲು ಬೇಕಾದಷ್ಟಿದೆ. ಎರಡು ತಿಂಗಳಲ್ಲಿ ಪೊಲೀಸರು ತನಿಖೆ ಮುಗಿಸಬೇಕು, ಮುಗಿಸಿದರಾ? ವಿಚಾರಣೆ ಸಾಧ್ಯವಾದಷ್ಟೂ ಒಂದು ವರ್ಷದಲ್ಲಿ ಮುಗಿಯಬೇಕು, ಎಲ್ಲಿಗೆ ಬಂತು? ಪರಿಹಾರದ ಹಣ ಕೈಗೆ ಸಿಕ್ಕಿತಾ? ಮೊದಲ ದಿನ ಹತ್ತು ಜನ ಬರೆಯುತ್ತಾರೆ, ತೀರ್ಪಿನ ದಿನ ಯಾರೂ ಇರುವುದಿಲ್ಲ. ಈಗಲೇ ಠಾಣೆಯವರು ಪ್ರಕರಣಕ್ಕೆ ಕೊಟ್ಟ ಕ್ರೈಂ ನಂಬರ್ ಡೈರಿಯಲ್ಲಿ ಬರೆದಿಟ್ಟುಕೊಳ್ಳಿ. ಎರಡು ತಿಂಗಳಾದ ಮೇಲೆ ಠಾಣೆಗೆ ಹೋಗಿ ಚಾರ್ಜ್‌ಶೀಟ್ ಆಯಿತಾ ಅಂತ ಕೇಳಿ. ಇಲ್ಲ ಅಂದರೆ ಅದೇ ನಿಮ್ಮ ಮುಂದಿನ ಸುದ್ದಿ.