ಪದಚರ್ಚೆ: ಕ್ಯಾಶ್‌ನಲ್ಲಿ ‘ಸ್ಟೇಲ್’ ಅಂದರೆ ಹಳಸಿದ್ದೋ, ತಂಗಳೋ?

ರಾಯಚೂರಿನಿಂದ

ಎಲ್ಲರಿಗೂ ನಮಸ್ಕಾರ.

ಮುಕ್ತ ಆಕರದ ಸಿಡಿಎನ್ (ಜಾಲತಾಣದ ಪ್ರತಿಗಳನ್ನು ಓದುಗರ ಹತ್ತಿರದ ಸರ್ವರ್‌ಗಳಿಂದ ಒದಗಿಸುವ ಜಾಲ) ತಂತ್ರಾಂಶಗಳಿಗೆ, ಮುಖ್ಯವಾಗಿ ಅಪಾಚೆ ಟ್ರಾಫಿಕ್ ಸರ್ವರ್ ಮತ್ತು ವಾರ್ನಿಶ್‌ಗೆ, ಇಲ್ಲಿ ಒಂದು ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಸರ್ವರ್, ಕ್ಯಾಶ್ (ಪ್ರತಿಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ), ಹೆಡರ್ (ಕೋರಿಕೆ ಅಥವಾ ಉತ್ತರದ ಜೊತೆ ಹೋಗುವ ಮಾಹಿತಿಯ ಸಾಲು) ಇವನ್ನು ಹಾಗೇ ಬಿಟ್ಟಿದ್ದೇವೆ, ಅದಕ್ಕೆ ಯಾರ ತಕರಾರೂ ಇಲ್ಲ. ತೊಡಕು ಇರುವುದು ಕ್ಯಾಶ್‌ನಲ್ಲಿ ಕೂತ ಪ್ರತಿಯ ಸ್ಥಿತಿ ಹೇಳುವ ಪದಗಳಲ್ಲಿ. ಮೊದಲನೆಯದು ‘ಸ್ಟೇಲ್’.

ಕರಡಿನಲ್ಲಿ ‘ಹಳಸಿದ ಪ್ರತಿ’ ಎಂದಿದೆ. ನನಗೆ ಇದು ಒಪ್ಪಿಗೆಯಿಲ್ಲ. ಎಚ್‌ಟಿಟಿಪಿ ಕ್ಯಾಶಿಂಗ್‌ಗೆ ಈಗ ಆಧಾರ 2022ರ ಜೂನ್‌ನಲ್ಲಿ ಬಂದ ಆರ್‌ಎಫ್‌ಸಿ 9111 ಎಂಬ ಮಾನದಂಡದ ದಾಖಲೆ. ಪ್ರತಿಯ ವಯಸ್ಸು ಅದಕ್ಕೆ ಕೊಟ್ಟ ತಾಜಾ ಅವಧಿಯನ್ನು ದಾಟಿದರೆ ಅದು ಸ್ಟೇಲ್, ಅಷ್ಟೇ. ಕೆಟ್ಟಿದೆ ಎಂದಾಗಲಿ, ಎಸೆಯಬೇಕೆಂದಾಗಲಿ ಅಲ್ಲಿ ಇಲ್ಲ. ನಮ್ಮ ಕಡೆ ನಿನ್ನೆಯ ರೊಟ್ಟಿ ತಂಗಳ. ಮುಂಜಾನೆ ಮೊಸರು ಹಚ್ಚಿಕೊಂಡು ತಿನ್ನುತ್ತಾರೆ. ಹಳಸಿದ ಸಾರನ್ನು ಚೆಲ್ಲುತ್ತಾರೆ. ಸಿಡಿಎನ್ ತಂತ್ರಾಂಶ ಸ್ಟೇಲ್ ಪ್ರತಿಯನ್ನು ಬೇಕೆಂದೇ ಕೊಡುವ ಸಂದರ್ಭಗಳಿವೆ. ‘ಹಳಸಿದ್ದು’ ಎಂದು ಓದಿದ ಹುಡುಗ ಅದನ್ನು ದೋಷವೆಂದು ತಿಳಿದು, ಇರುವ ಅನುಕೂಲವನ್ನೇ ಬಂದ್ ಮಾಡಿಬಿಡುತ್ತಾನೆ.

ಕ್ಯಾಶ್‌ಗೆ ಹೆಡರ್‌ನಲ್ಲಿ ಕೊಡುವ ಸೂಚನೆಯ ಉದಾಹರಣೆ ನೋಡಿ: ಮ್ಯಾಕ್ಸ್-ಏಜ್=600, ಸ್ಟೇಲ್-ವೈಲ್-ರಿವ್ಯಾಲಿಡೇಟ್=30. ಮೊದಲ 600 ಸೆಕೆಂಡು ಪ್ರತಿ ತಾಜಾ. ಮುಂದಿನ 30 ಸೆಕೆಂಡಿನಲ್ಲಿ ಯಾರಾದರೂ ಕೇಳಿದರೆ ಕೈಲಿರುವ ತಂಗಳು ಪ್ರತಿಯನ್ನು ಕೂಡಲೇ ಕೊಟ್ಟು, ಹಿನ್ನೆಲೆಯಲ್ಲಿ ಮೂಲ ಸರ್ವರನ್ನು (ಅಸಲು ಕಡತ ಇರುವುದನ್ನು) ವಿಚಾರಿಸುತ್ತದೆ. 630 ದಾಟಿತೆಂದರೆ ಮೊದಲು ಮೂಲವನ್ನು ಕೇಳಬೇಕು, ಓದುಗ ಕಾಯಬೇಕು. ಈ ಸೂಚನೆಯೂ, ಮೂಲದಲ್ಲಿ ದೋಷ ಬಂದಾಗ ತಂಗಳನ್ನೇ ಕೊಡಲು ಬಿಡುವ ‘ಸ್ಟೇಲ್-ಇಫ್-ಎರರ್’ ಕೂಡ 2010ರ ಆರ್‌ಎಫ್‌ಸಿ 5861ರಿಂದ ಬಂದವು. ವಾರ್ನಿಶ್‌ನಲ್ಲಿ ಈ ಹಿನ್ನೆಲೆಯ ಅವಧಿಗೆ ‘ಗ್ರೇಸ್’ ಎಂದು ಹೆಸರು. ನಾವೇನೂ ಬರೆಯದಿದ್ದರೆ ಟಿಟಿಎಲ್ (ತಾಜಾ ಇರುವ ಅವಧಿ) 120 ಸೆಕೆಂಡು, ಗ್ರೇಸ್ 10 ಸೆಕೆಂಡು. ‘ರಿಯಾಯಿತಿ’ ಎಂದರೆ ಬೆಲೆ ಕಡಿತದ ನೆನಪಾಗುತ್ತದೆ. ‘ತಂಗಳು ಅವಧಿ’ ನಡೆಯುತ್ತದೆಯೇ?

ಎರಡನೆಯದು ಇನ್ನೂ ಸೂಕ್ಷ್ಮ. ಟ್ರಾಫಿಕ್ ಸರ್ವರ್‌ನ ‘ರೆಜೆಕ್ಸ್ ರಿವ್ಯಾಲಿಡೇಟ್’ ಪ್ಲಗಿನ್‌ನ ನಿಯಮಗಳಲ್ಲಿ ಒಂದೊಂದು ಸಾಲಿಗೂ ಮೊದಲು ಎರಡೇ ಭಾಗ: ಯುಆರ್‌ಎಲ್‌ಗೆ ಹೊಂದುವ ರೆಜೆಕ್ಸ್ (ಅಕ್ಷರಗಳ ಮಾದರಿ), ಮತ್ತು ನಿಯಮ ಮುಗಿಯುವ ಹೊತ್ತು, 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ. ಆಮೇಲೆ ಮೂರನೆಯ ಭಾಗ ಸೇರಿತು: ‘ಸ್ಟೇಲ್’ ಅಥವಾ ‘ಮಿಸ್’. ಬರೆಯದೆ ಬಿಟ್ಟರೆ ‘ಸ್ಟೇಲ್’ ಎಂದೇ ಹಿಡಿಯುತ್ತದೆ. ಸಿಡಿಎನ್ ನಿರ್ವಹಿಸುವ ಅಪಾಚೆ ಟ್ರಾಫಿಕ್ ಕಂಟ್ರೋಲ್‌ನಲ್ಲಿ ಇದೇ ಜೋಡಿಗೆ ‘ರಿಫ್ರೆಶ್’, ‘ರಿಫೆಚ್’ ಎಂದು ಹೆಸರು. ಕರಡಿನಲ್ಲಿ ಎರಡಕ್ಕೂ ‘ನವೀಕರಿಸು’ ಎಂದು ಬಿದ್ದಿದೆ, ಅಪಾಯ ಇರುವುದೇ ಅಲ್ಲಿ. ‘ಸ್ಟೇಲ್’ ಬಗೆಯಲ್ಲಿ ಎಡ್ಜ್ ಸರ್ವರ್ (ಓದುಗರಿಗೆ ಹತ್ತಿರದ ಕ್ಯಾಶ್ ಸರ್ವರ್) ತನ್ನ ಪ್ರತಿಯನ್ನು ಇಟ್ಟುಕೊಂಡೇ ‘ಇದು ಬದಲಾಗಿದೆಯೇ?’ ಎಂದು ಮೂಲವನ್ನು ಕೇಳುತ್ತದೆ. ಇಲ್ಲ, ಅಂದರೆ 304, ಎಂದು ಉತ್ತರ ಬಂದರೆ ಹಳೆಯದೇ ಮತ್ತೆ ತಾಜಾ ಆಗುತ್ತದೆ. ಎಡ್ಜ್‌ನಲ್ಲಿರುವ ಕಡತವೇ ಕೆಟ್ಟಿದ್ದು, ಮೂಲದಲ್ಲಿ ಇಟ್ಯಾಗ್ (ಕಡತದ ಆವೃತ್ತಿಯ ಗುರುತು) ಮತ್ತು ತಾರೀಖು ಬದಲಾಗಿಲ್ಲದಿದ್ದರೆ, ಎಷ್ಟು ಸಲ ‘ರಿಫ್ರೆಶ್’ ಒತ್ತಿದರೂ ಕೆಟ್ಟ ಕಡತವೇ ಉಳಿಯುತ್ತದೆ. ಆಗ ಬೇಕಾದದ್ದು ‘ಮಿಸ್’: ಇದ್ದದ್ದು ಇಲ್ಲವೆಂದೇ ತಿಳಿದು ಪೂರ್ತಿ ತರಿಸಿಕೊಳ್ಳುವುದು. ಅದಕ್ಕೆ ಅಗಲವಾದ ರೆಜೆಕ್ಸ್ ಕೊಟ್ಟರೆ ಎಲ್ಲ ಎಡ್ಜ್‌ಗಳೂ ಒಮ್ಮೆಲೇ ಮೂಲದ ಮೇಲೆ ಬೀಳುತ್ತವೆ. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಕ್ರಿಯಾಪದ ಬೇಕೇ ಬೇಕು. ‘ತಾಳೆ ನೋಡು’, ‘ಮತ್ತೆ ತರಿಸು’ ಎಂದು ನನ್ನ ಸಲಹೆ.

ಮೂರನೆಯದು ಕ್ಯಾಶ್‌ನಿಂದ ಪ್ರತಿ ತೆಗೆಯಲು ವಾರ್ನಿಶ್‌ನಲ್ಲಿರುವ ‘ಪರ್ಜ್’ ಮತ್ತು ‘ಬ್ಯಾನ್’. ನಿಘಂಟು ನೋಡಿದರೆ ಪರ್ಜ್‌ಗೆ ಶುದ್ಧೀಕರಣ, ಭೇದಿ ಇತ್ಯಾದಿ. ಬ್ಯಾನ್‌ಗೆ ‘ನಿಷೇಧ’. ಬಲ್ಲವರು ಹೇಳಬೇಕು.

ಬಳ್ಳಾರಿಯಿಂದ

ಸರ್, ನಮಸ್ಕಾರ.

‘ತಂಗಳು’ ನನಗೆ ಒಪ್ಪಿಗೆ. ‘ತಂಗಳು ಸುದ್ದಿ’ ಎನ್ನುವುದು ಬಳಕೆಯಲ್ಲಿದೆ, ಫ್ರಿಜ್ಜಿಗೆ ‘ತಂಗಳು ಪೆಟ್ಟಿಗೆ’ ಎನ್ನುವುದೂ ಇದೆ. ಮೈಸೂರು ಕಡೆಯವರಿಗೂ ತಿಳಿಯುತ್ತದೆ. ಒಂದು ತಿದ್ದುಪಡಿ: ವಾರ್ನಿಶ್‌ನಲ್ಲಿ ಗ್ರೇಸ್ ಮುಗಿದ ಮೇಲೆ ‘ಕೀಪ್’ ಎಂಬ ಇನ್ನೊಂದು ಅವಧಿ ಇದೆ. ನಾವಾಗಿ ಕೊಡದಿದ್ದರೆ ಅದು ಸೊನ್ನೆ. ಕೀಪ್‌ನಲ್ಲಿರುವ ಪ್ರತಿಯನ್ನು ನೇರವಾಗಿ ಓದುಗರಿಗೆ ಕೊಡುವುದಿಲ್ಲ, ಮೂಲದೊಂದಿಗೆ ತಾಳೆ ನೋಡಲು ಮಾತ್ರ ಇಟ್ಟುಕೊಳ್ಳುತ್ತದೆ. 304 ಬಂದರೆ ಇಡೀ ಕಡತವನ್ನು ಮತ್ತೆ ಸಾಗಿಸುವ ಖರ್ಚು ಉಳಿಯಿತು. ಅದನ್ನೂ ‘ತಂಗಳು ಅವಧಿ’ಗೆ ಸೇರಿಸಿದರೆ ಗೊಂದಲವಾಗುತ್ತದೆ. ‘ತಾಳೆ ಅವಧಿ’ ಎಂದು ಬೇರೆ ಮಾಡಿ.

ಬ್ಯಾನ್‌ಗೆ ‘ನಿಷೇಧ’ ಪೂರ್ತಿ ತಪ್ಪು. ನಿಷೇಧ ಎಂದರೆ ಮುಂದೆಯೂ ಬರಬಾರದು ಎಂದಾಗುತ್ತದೆ. ವಾರ್ನಿಶ್‌ನ ಬ್ಯಾನ್ ಅನ್ವಯಿಸುವುದು ಅದನ್ನು ಹೊರಡಿಸುವ ಮೊದಲೇ ಕ್ಯಾಶ್‌ಗೆ ಸೇರಿದ್ದ ಪ್ರತಿಗಳಿಗೆ ಮಾತ್ರ. ಅದೇ ಯುಆರ್‌ಎಲ್‌ನ ಹೊಸ ಪ್ರತಿ ಮರುಕ್ಷಣವೇ ಬಂದು ಕೂರಬಹುದು. ‘ರದ್ದು ಆದೇಶ’ ಎಂದರೆ ಸರಿಹೊಂದುತ್ತದೆ: ಆದೇಶದ ಪಟ್ಟಿ ಒಂದು ಕಡೆ ಇರುತ್ತದೆ, ಹಳೆಯ ಪ್ರತಿಯನ್ನು ಯಾರಾದರೂ ಕೇಳಿದಾಗ ಪಟ್ಟಿಯ ಜೊತೆ ಹೋಲಿಸಿ ಅದು ರದ್ದೋ ಅಲ್ಲವೋ ತೀರ್ಮಾನವಾಗುತ್ತದೆ. ಪರ್ಜ್ ಹಾಗಲ್ಲ. ಒಂದು ಯುಆರ್‌ಎಲ್‌ನ ಪ್ರತಿಯನ್ನು, ಅದರ ಎಲ್ಲ ರೂಪಭೇದಗಳ ಸಮೇತ, ಅಲ್ಲೇ ತೆಗೆಯುತ್ತದೆ. ಅದಕ್ಕೆ ‘ತೆಗೆದುಹಾಕು’ ಸಾಕು. ಭೇದಿ ಬೇಡ.

ಕೈಪಿಡಿಯಲ್ಲಿ ಇದನ್ನೂ ಸೇರಿಸಿ. ಪಟ್ಟಿಯನ್ನು ಹಿನ್ನೆಲೆಯಲ್ಲಿ ಖಾಲಿ ಮಾಡುತ್ತಾ ಹೋಗುವ ‘ಬ್ಯಾನ್ ಲರ್ಕರ್’ ಎಂಬ ಥ್ರೆಡ್ (ಪ್ರೋಗ್ರಾಮಿನೊಳಗೆ ಬೇರೆಯಾಗಿ ಓಡುವ ಕೆಲಸ) ಇದೆ. ಅದರ ಕೈಯಲ್ಲಿ ಕೋರಿಕೆ ಇರುವುದಿಲ್ಲ, ಪ್ರತಿ ಮಾತ್ರ ಇರುತ್ತದೆ. ಹಾಗಾಗಿ ‘ರೆಕ್.ಯುಆರ್‌ಎಲ್’ (ಕೋರಿಕೆಯ ಯುಆರ್‌ಎಲ್) ಮೇಲೆ ಬರೆದ ರದ್ದು ಆದೇಶವನ್ನು ಅದು ಪರಿಶೀಲಿಸಲಾರದು. ಅಂಥವು ಸಾವಿರಗಟ್ಟಲೆ ಕೂಡಿಕೊಂಡು ಒಂದೊಂದು ಹುಡುಕಾಟವೂ ನಿಧಾನವಾಗುತ್ತದೆ. ಮೂಲದಿಂದ ಉತ್ತರ ಬಂದಾಗಲೇ ಯುಆರ್‌ಎಲ್ ಅನ್ನು ಒಂದು ಹೆಡರ್‌ಗೆ ನಕಲು ಮಾಡಿಟ್ಟು, ಆದೇಶವನ್ನು ‘ಒಬಿಜೆ.ಎಚ್‌ಟಿಟಿಪಿ’ಯ (ಕ್ಯಾಶ್‌ನಲ್ಲಿರುವ ಪ್ರತಿಯ ಹೆಡರ್‌ಗಳ) ಆ ಹೆಡರ್ ಮೇಲೆ ಬರೆದರೆ ಲರ್ಕರ್ ತಾನೇ ನೋಡಿಕೊಳ್ಳುತ್ತದೆ. ಆ ಹೆಡರನ್ನು ಓದುಗನಿಗೆ ಕಳಿಸುವ ಮುನ್ನ ಅಳಿಸಬೇಕು, ಇಲ್ಲದಿದ್ದರೆ ಹೊರಗೆ ಕಾಣುತ್ತದೆ.

‘ಹಿಟ್-ಫಾರ್-ಪಾಸ್’, ‘ಹಿಟ್-ಫಾರ್-ಮಿಸ್’ ಇವಕ್ಕೆ ಕನ್ನಡ ಹುಡುಕುವ ಗೋಜಿಗೆ ಹೋಗಬೇಡಿ. 2016ರ 5.0 ಆವೃತ್ತಿಯಲ್ಲಿ ಮೊದಲನೆಯದರ ಜಾಗಕ್ಕೆ ಎರಡನೆಯದು ಬಂತು, 5.1ರಲ್ಲಿ ಮೊದಲನೆಯದು ಬೇರೆ ರೂಪದಲ್ಲಿ ಮರಳಿತು. ಪದ ಹೀಗೆ ಓಡಾಡುವಾಗ ಹೆಸರನ್ನು ಹಾಗೇ ಇಟ್ಟು ಕೆಲಸ ವಿವರಿಸುವುದೇ ಲೇಸು: ‘ಇದನ್ನು ಕ್ಯಾಶ್ ಮಾಡುವಂತಿಲ್ಲ’ ಎಂಬ ತೀರ್ಮಾನವನ್ನೇ ಸ್ವಲ್ಪ ಹೊತ್ತು ನೆನಪಿಡುವುದು, ಇರುವ ನಿಯಮದಂತೆ 120 ಸೆಕೆಂಡು. ಆ ಟಿಟಿಎಲ್ ಅನ್ನು ಸೊನ್ನೆ ಮಾಡಿದರೆ ಕೋರಿಕೆಗಳು ಒಂದರ ಹಿಂದೊಂದು ಸಾಲು ನಿಲ್ಲುತ್ತವೆ.

ಟ್ರಾಫಿಕ್ ಸರ್ವರ್ ಭಾಗ ಬರೆಯುವಾಗ ಆವೃತ್ತಿ ಹೇಳಿಬಿಡಿ. 2024ರ 10ನೇ ಆವೃತ್ತಿಯಿಂದ ‘ರೆಕಾರ್ಡ್ಸ್.ಕಾನ್ಫಿಗ್’ ಎಂಬ ಸೆಟ್ಟಿಂಗ್ ಕಡತ ಹೋಗಿ ‘ರೆಕಾರ್ಡ್ಸ್.ಯಾಮಲ್’ ಬಂದಿದೆ, ‘ಟ್ರಾಫಿಕ್ ಮ್ಯಾನೇಜರ್’ ಪ್ರೋಗ್ರಾಮನ್ನು ತೆಗೆದಿದ್ದಾರೆ.

ಕೊಪ್ಪಳದಿಂದ

ಇಬ್ಬರಿಗೂ ನಮಸ್ಕಾರ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರಿನ ಲಾಗ್ ಓದುವವರ ಪರವಾಗಿ ಒಂದು ಮಾತು. ಅಲ್ಲಿ ‘ಎಕ್ಸ್‌ಪೈರ್ಡ್’, ‘ಸ್ಟೇಲ್’, ‘ಅಪ್‌ಡೇಟಿಂಗ್’ ಮೂರೂ ಬೇರೆ. ‘ಎಕ್ಸ್‌ಪೈರ್ಡ್’ ಎಂದು ಬಿದ್ದರೆ ಓದುಗನಿಗೆ ಸಿಕ್ಕಿದ್ದು ತಾಜಾ ಪ್ರತಿಯೇ: ಕ್ಯಾಶ್‌ನದು ಅವಧಿ ಮೀರಿತ್ತು, ಮೂಲದಿಂದ ಹೊಸದು ಬಂತು. ತಂಗಳು ಸಿಗುವುದು ಉಳಿದ ಎರಡರಲ್ಲಿ. ಮೂಲ ಉತ್ತರಿಸದೆ ಹೋದರೆ ‘ಸ್ಟೇಲ್’, ಹೊಸದು ಇನ್ನೂ ಬರುತ್ತಿದ್ದರೆ ‘ಅಪ್‌ಡೇಟಿಂಗ್’. ಮೂರಕ್ಕೂ ‘ಅವಧಿ ಮೀರಿದ’ ಎಂದು ಬರೆದರೆ ಲಾಗ್ ನೋಡಿ ದೋಷ ಹುಡುಕುವವನು ದಾರಿ ತಪ್ಪುತ್ತಾನೆ.

‘ತಂಗಳು ನಡೆಯುತ್ತದೆ’ ಎಂಬ ವಿವರಣೆಗೆ ಒಂದು ಎಚ್ಚರಿಕೆಯೂ ಜೊತೆಗಿರಲಿ. ತುಂಗಭದ್ರಾ ಜಲಾಶಯದಿಂದ ನದಿಗೆ ನೀರು ಬಿಡುವ ಸೂಚನೆಯ ಪುಟ ಎಂದುಕೊಳ್ಳಿ. ಅದಕ್ಕೆ ಸ್ಟೇಲ್-ಇಫ್-ಎರರ್=86400 (ಒಂದು ದಿನ) ಹಾಕಿದರೆ, ಮೂಲ ಸರ್ವರ್ ಬಿದ್ದ ದಿನ ನದಿ ದಂಡೆಯವರು ನಿನ್ನೆಯ ಹೊರಹರಿವನ್ನೇ ಇಂದಿನದೆಂದು ಓದುತ್ತಾರೆ. ಅಂಥ ಪುಟಕ್ಕೆ ಮ್ಯಾಕ್ಸ್-ಏಜ್=60, ಮಸ್ಟ್-ರಿವ್ಯಾಲಿಡೇಟ್ (ತಂಗಳಾದರೆ ಮೂಲವನ್ನು ಕೇಳದೆ ಕೊಡಬೇಡ). ಮೂಲ ಸಿಗದಿದ್ದರೆ 504 ದೋಷ ತೋರಿಸಲಿ, ತಪ್ಪು ಅಂಕಿಗಿಂತ ಅದೇ ವಾಸಿ.

ಉಳಿದ ಪ್ರಶ್ನೆ ಒಂದು. ಆರ್‌ಎಫ್‌ಸಿ 9211ರ ‘ಕ್ಯಾಶ್-ಸ್ಟೇಟಸ್’ ಹೆಡರ್‌ನಲ್ಲಿ ‘ಎಫ್‌ಡಬ್ಲ್ಯೂಡಿ=ಸ್ಟೇಲ್’ ಎಂದು ಬರುತ್ತದೆ. ಅಲ್ಲಿ ಸ್ಟೇಲ್ ಎನ್ನುವುದು ಕೊಟ್ಟ ಪ್ರತಿಯ ಗುಣವಲ್ಲ, ಕೋರಿಕೆಯನ್ನು ಮುಂದಕ್ಕೆ ಕಳಿಸಿದ್ದರ ಕಾರಣ. ‘ತಂಗಳಾದ್ದರಿಂದ ಮುಂದಕ್ಕೆ’ ಎಂದು ಬರೆಯೋಣವೇ, ಅಥವಾ ಕೋಷ್ಟಕದಲ್ಲಿ ‘ಕಾರಣ: ತಂಗಳು’ ಎಂದು ಬಿಡೋಣವೇ?