ಅಪ್‌ಡೇಟ್: ಹಳೆ ಕ್ಯಾಂಪರ್ ವ್ಯಾನಿನ ಪ್ರೊಪೇನ್ ಸೋರಿಕೆ ಸಿಕ್ಕಿತು

ಮೊದಲು ಕೇಳಿದ್ದು ಇಷ್ಟು: ಒಲೆ, ಫ್ರಿಜ್ ಎರಡೂ ಆಫ್ ಇದ್ದರೂ ಬೆಳಗ್ಗೆ ನೆಲಮಟ್ಟದಲ್ಲಿ ವಾಸನೆ, ಸೋಪುನೀರಿಗೆ ಗುಳ್ಳೆಯೇ ಇಲ್ಲ, ಯಾಕೆ?

ಮ್ಯಾನೋಮೀಟರ್ (ಗ್ಯಾಸ್ ಒತ್ತಡ ಅಳೆಯುವ ಸಾಧನ) ದಾರಿ ತೋರಿಸಿತು. ಅದರ ಕೊಳವೆಯನ್ನು ಒಲೆಯ ಜೆಟ್‌ಗೆ ಸಿಕ್ಕಿಸಿ ನಾಬ್ ತೆರೆದು, ಟ್ಯಾಂಕ್ ವಾಲ್ವ್ ಮುಚ್ಚಿ, ಒತ್ತಡವನ್ನು 11ರಿಂದ 8 ಇಂಚು ನೀರಿನ ಮಟ್ಟಕ್ಕೆ (ಕಡಿಮೆ ಗ್ಯಾಸ್ ಒತ್ತಡ ಅಳೆಯುವ ಮಾನ) ಇಳಿಸಬೇಕು. ಆಮೇಲೆ 3 ನಿಮಿಷ ಕದಲಬಾರದು. ಇಲ್ಲಿ 5ಕ್ಕೆ ಬಿತ್ತು. ಟೀ ಜಾಯಿಂಟ್‌ನಲ್ಲಿ ಫ್ರಿಜ್ ಲೈನ್ ಕಳಚಿ ಫ್ಲೇರ್ ಪ್ಲಗ್ (ಆ ಬಾಯಿ ಮುಚ್ಚುವ ಬಿರಡೆ) ಹಾಕಿದರೆ 8ರಲ್ಲೇ ನಿಂತಿತು, ಅಂದರೆ ಸೋರಿಕೆ ಫ್ರಿಜ್ ಲೈನಿನಲ್ಲೇ.

ಫ್ರಿಜ್ ಹಿಂದಿನ 3/8 ಇಂಚಿನ ತಾಮ್ರದ ಪೈಪಿನ ಫ್ಲೇರ್ (ಗಂಟೆಯ ಬಾಯಿಯಂತೆ ಅಗಲಿಸಿದ ತುದಿ) ಸೀಳಿತ್ತು. ಕ್ಲಾಂಪ್ ಇಲ್ಲದೆ ಅದುರುವ ಪೈಪು, ಜೊತೆಗೆ ಮತ್ತೆಮತ್ತೆ ಬಿಗಿದ ನಟ್ಟು, ಸೀಳದೆ ಇನ್ನೇನು? ಸೋಪುನೀರು ಹಚ್ಚಿ ಹತ್ತು ಸೆಕೆಂಡ್ ನೋಡಿದರೆ ಏನೂ ಕಾಣದು. 2 ನಿಮಿಷ ಬಿಟ್ಟರೆ ನಟ್ಟಿನ ಹಿಂಬದಿಯಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ನೊರೆ.

ಸೀಳಿದ ತುದಿ ಕತ್ತರಿಸಿ, ಒಳಅಂಚು ಕೆರೆದು, ಮೊದಲೇ ನಟ್ಟು ತೂರಿಸಿ (ಮರೆಯುವುದೇ ಹೆಚ್ಚು), 45 ಡಿಗ್ರಿ ಫ್ಲೇರ್ ಹೊಸದಾಗಿ ಮಾಡಿದ್ದಾಯಿತು. ಎರಡು ಸ್ಪ್ಯಾನರ್ ಹಿಡಿದೇ ಬಿಗಿಯಬೇಕು. ಫ್ಲೇರ್‌ಗೆ ಟೇಪ್ ಸುತ್ತಬೇಡಿ, ಅಲ್ಲಿ ಗ್ಯಾಸ್ ತಡೆಯುವುದು ಲೋಹಕ್ಕೆ ಲೋಹ. ಅಮೋನಿಯಾ ಇರುವ ಸೋಪೂ ಬೇಡ, ಹಿತ್ತಾಳೆ ಬಿರುಕು ಬಿಡುತ್ತದೆ.